ಗೋಡೆ ಕದಲದ ವಠಾರ

‘ಗಾಜು ಘನವಲ್ಲ, ಬಲು ನಿಧಾನವಾಗಿ ಹರಿಯುವ ದ್ರವ.’ ಈ ಮಾತನ್ನು ಹೈಸ್ಕೂಲಿನಲ್ಲಿ ಮೇಷ್ಟ್ರ ಬಾಯಿಂದಲೋ, ಈಚೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲೋ ನೀವು ಕೇಳಿಯೇ ಇರುತ್ತೀರಿ. ಮಾತಿನ ಬೆನ್ನಿಗೇ ಸಾಕ್ಷಿಯೂ ಬರುತ್ತದೆ: ಯುರೋಪಿನ ಹಳೆಯ ಚರ್ಚುಗಳಿಗೆ ಹೋಗಿ ನೋಡಿ, ಕಿಟಕಿಯ ಗಾಜು ಮೇಲ್ಗಡೆ ತೆಳ್ಳಗೆ, ಕೆಳಗಡೆ ದಪ್ಪ. ಸೌಟಿಗೆ ಅಂಟಿದ ಬೆಲ್ಲದ ಪಾಕದಂತೆ ಗಾಜು ಶತಮಾನಗಳಲ್ಲಿ ಜಿನುಗಿ ತಳ ಸೇರಿದೆಯಂತೆ.

ಈ ಮಾತನ್ನು ಪರೀಕ್ಷಿಸಲು ನಮಗೊಬ್ಬ ಸಾಕ್ಷಿದಾರನಿದ್ದಾನೆ. ಅವನು ಗಾಜಿನವನೇ.

ಕೋಲು ಹಿಡಿದ ಸಾಕ್ಷಿ

ಇಂಗ್ಲೆಂಡಿನ ಗ್ಲಾಸ್ಟರ್ ಕತೀಡ್ರಲಿನ ಪೂರ್ವದಿಕ್ಕಿನ ಮಹಾಕಿಟಕಿ 1350ರ ಆಸುಪಾಸಿನದು. ಎತ್ತರ ಸುಮಾರು 22 ಮೀಟರ್, ಅಗಲ ಸುಮಾರು 11.5 ಮೀಟರ್. ಒಂದು ಟೆನ್ನಿಸ್ ಅಂಗಳವನ್ನು ಎತ್ತಿ ನಿಲ್ಲಿಸಿದರೆ ಎಷ್ಟೋ ಅಷ್ಟು. ಬಿಳಿ, ಹಳದಿ, ಕೆಂಪು, ನೀಲಿ ಗಾಜಿನಲ್ಲಿ ಅರಸರು, ಸಂತರು, ದೇವದೂತರು ಸಾಲುಗಟ್ಟಿ ನಿಂತಿದ್ದಾರೆ. ಅಷ್ಟು ದೊಡ್ಡವರ ನಡುವೆ ಒಂದು ಪುಟ್ಟ ದುಂಡು ಫಲಕವಿದೆ. ಅದರಲ್ಲೊಬ್ಬ ಮಾಮೂಲಿ ಮನುಷ್ಯ ಕೋಲು ಬೀಸಿ ಚೆಂಡಿಗೆ ಹೊಡೆಯುತ್ತಿದ್ದಾನೆ. ಪ್ರವಾಸಿಗರು ಅವನನ್ನು ‘ಗಾಲ್ಫ್ ಆಟಗಾರ’ ಎನ್ನುತ್ತಾರೆ.

ನಿಜಕ್ಕೂ ಅದು ಗಾಲ್ಫೇ? ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಗಾಲ್ಫಿನ ಹೆಸರು ಕಾಣಿಸುವುದು 1457ರಲ್ಲಿ, ಅದೂ ನಿಷೇಧದ ರೂಪದಲ್ಲಿ. ಜನ ಬಿಲ್ವಿದ್ಯೆ ಮರೆತು ಚೆಂಡಾಟಕ್ಕೆ ಬಿದ್ದಿದ್ದಾರೆಂದು ಅಲ್ಲಿನ ಸಂಸತ್ತು ಫುಟ್‌ಬಾಲನ್ನೂ ಗಾಲ್ಫನ್ನೂ ಒಟ್ಟಿಗೆ ಬೇಡವೆಂದಿತು. ನಮ್ಮ ಗಾಜಿನವನು ಅದಕ್ಕೂ ನೂರು ವರ್ಷ ಹಿರಿಯ. ಇಂಗ್ಲೆಂಡಿನಲ್ಲಿ ಆಗ ‘ಕಂಬುಕ’ ಎಂಬ, ಬಾಗಿದ ಕೋಲಿನ ಚೆಂಡಾಟವೊಂದಿತ್ತು. ದೊರೆ ಮೂರನೆಯ ಎಡ್ವರ್ಡ್ 1363ರಲ್ಲಿ ಹೊರಡಿಸಿದ ನಿಷೇಧದ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಕಾರಣ ಅದೇ, ಬಿಲ್ಲು ಹಿಡಿಯಬೇಕಾದ ಕೈಗಳು ಕೋಲು ಹಿಡಿದಿವೆ ಎಂಬ ಸಿಟ್ಟು. ಆಟದ ಹೆಸರು ಏನೇ ಇರಲಿ, ಅರಸರು ಎಷ್ಟು ಸಲ ಬೇಡವೆಂದರೂ ಈತ ಮಾತ್ರ ಕೋಲು ಕೆಳಗಿಟ್ಟಿಲ್ಲ.

ನಮ್ಮ ಪ್ರಶ್ನೆಗೆ ಬೇಕಾದದ್ದೂ ಅದೇ. ಗಾಜು ಹರಿಯುವುದಾಗಿದ್ದರೆ ಸುಮಾರು 670 ವರ್ಷಗಳಲ್ಲಿ ಇವನ ಮೀನಖಂಡ ಊದಬೇಕಿತ್ತು, ತಲೆ ಕರಗಬೇಕಿತ್ತು, ಚೆಂಡು ಹನಿಯಂತೆ ಉದ್ದವಾಗಿ ಇಳಿಬೀಳಬೇಕಿತ್ತು. ಏನೂ ಆಗಿಲ್ಲ. ಇಂಥ ಗಾಜುಗಳಿಗೆ ಬಳಿದ ಬಂಗಾರದಂಥ ಹಳದಿ ಕೂಡ ಉಳಿದಿದೆ. ಅಂಗಡಿ ಮುಂದಿನ ಫ್ಲೆಕ್ಸ್ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿಳಿಚಿಕೊಳ್ಳುತ್ತದೆ. ಈ ಹಳದಿ ಆರೂವರೆ ಶತಮಾನಗಳ ಬಿಸಿಲುಂಡೂ ಹಳದಿಯಾಗಿಯೇ ಇದೆ. ಆಕಾರ ಏಕೆ ಇಳಿಯಲಿಲ್ಲ? ಬಣ್ಣ ಏಕೆ ಮಾಸಲಿಲ್ಲ? ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ.

ತಪ್ಪು ಗಾಜಿನದಲ್ಲ

ಮೊದಲು ದಪ್ಪ-ತೆಳುವಿನ ವಿಷಯ ಮುಗಿಸೋಣ. ಹಿಂದಿನವರು ಕಿಟಕಿಯ ಗಾಜನ್ನು ಇಂದಿನಂತೆ ಸಮತಟ್ಟಾಗಿ ಎರಕ ಹೊಯ್ಯುತ್ತಿರಲಿಲ್ಲ. ಒಂದು ಪದ್ಧತಿಯಲ್ಲಿ, ಕೊಳವೆಯ ತುದಿಯ ಕೆಂಪಗೆ ಕಾದ ಗಾಜಿನ ಉಂಡೆಯನ್ನು ಊದಿ, ಬಾಯಿ ಬಿಡಿಸಿ, ರುಮಾಲಿ ರೊಟ್ಟಿಯವನು ಹಿಟ್ಟನ್ನು ತಿರುಗಿಸುವಂತೆ ಗಿರಗಿರನೆ ತಿರುಗಿಸುತ್ತಿದ್ದರು. ಗಾಜು ದೊಡ್ಡ ತಟ್ಟೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಅಂಥ ತಟ್ಟೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಅದರಿಂದ ತುಂಡು ಕತ್ತರಿಸಿ ಕೂರಿಸುವಾಗ ದಪ್ಪನೆಯ ಅಂಚನ್ನು ಕೆಳಗಿಟ್ಟರೆ ನಿಲ್ಲಲು ಅನುಕೂಲ. ದಪ್ಪ ಅಂಚು ಮೇಲಕ್ಕೋ ಪಕ್ಕಕ್ಕೋ ಇರುವ ಹಳೆಯ ಗಾಜುಗಳೂ ಇವೆ. ಹರಿದು ಬಂದ ದಪ್ಪವಾಗಿದ್ದರೆ ಅದು ಮೇಲಕ್ಕೆ ಹರಿಯಿತೇ?

ಲೆಕ್ಕವೂ ಇದನ್ನೇ ಹೇಳುತ್ತದೆ. ಬ್ರೆಜಿಲಿನ ವಿಜ್ಞಾನಿ ಎಡ್ಗರ್ ಜನೊಟ್ಟೊ 1998ರಲ್ಲಿ ಲೆಕ್ಕ ಹಾಕಿ, ಕೋಣೆಯ ತಾಪದಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಬೇಕಾದರೆ ವಿಶ್ವದ ವಯಸ್ಸೂ ಸಾಲದು ಎಂದರು. 2017ರಲ್ಲಿ ಜಾನ್ ಮೌರೊ ಮತ್ತು ಸಂಗಡಿಗರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಮಧ್ಯಯುಗದ ಗಾಜಿನಲ್ಲಿ ಏನೇನಿದೆಯೋ ಅದನ್ನೇ ಬೆರೆಸಿ ಹೊಸದಾಗಿ ಗಾಜು ಮಾಡಿ ಪರೀಕ್ಷಿಸಿದರು. ನೂರು ಕೋಟಿ ವರ್ಷ ನಿಲ್ಲಿಸಿದರೂ ಅದು ಹರಿಯುವುದು ಹೆಚ್ಚೆಂದರೆ ಒಂದು ನ್ಯಾನೊಮೀಟರ್ ಎಂಬುದು ಅವರ ಉತ್ತರ. ತಲೆಗೂದಲಿನ ದಪ್ಪವನ್ನು ಹತ್ತಾರು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಅಷ್ಟಿರುತ್ತದೆ.

ಹಾಗಿದ್ದರೂ ಹಳೆಯ ಬಣ್ಣದ ಕಿಟಕಿಗಳು ಹೊಟ್ಟೆ ಮುಂದೆ ಬಿಟ್ಟುಕೊಂಡು ಜೋಲುವುದುಂಟು. ಆ ಕೆಲಸ ಗಾಜಿನದಲ್ಲ. ತುಂಡುಗಳನ್ನು ಹಿಡಿದು ನಿಲ್ಲಿಸಿರುವ ಸೀಸದ ಪಟ್ಟಿಗಳದ್ದು. ಸೀಸ ಮೆತ್ತನೆಯ ಲೋಹ, ತನ್ನ ಭಾರಕ್ಕೇ ವರ್ಷವರ್ಷವೂ ಇಷ್ಟಿಷ್ಟು ಜಗ್ಗುತ್ತದೆ. ಜಗ್ಗಿದ್ದು ಸೀಸ, ಕೆಟ್ಟ ಹೆಸರು ಗಾಜಿಗೆ.

ನೂಲು ಹಿಡಿಯದೆ ಕಟ್ಟಿದ ವಠಾರ

ಗಾಜಿನ ಒಳಗನ್ನು ತಿಳಿಯಲು ಹಳೆಯ ಬೆಂಗಳೂರು, ಮೈಸೂರುಗಳ ವಠಾರವನ್ನು ನೆನೆಯಿರಿ. ಒಂದೇ ಹೆಬ್ಬಾಗಿಲು, ಎರಡೂ ಬದಿಗೆ ಪುಟ್ಟ ಬಿಡಾರಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಗೋಡೆಗಳು ಮಾಲೀಕನವು, ಅವು ಅಲುಗುವುದಿಲ್ಲ. ಬಾಡಿಗೆದಾರರು ಬರುತ್ತಾರೆ, ಹೋಗುತ್ತಾರೆ.

ಗಾಜಿನ ಗೋಡೆ ಕಟ್ಟಿರುವುದು ಮರಳಿನಿಂದ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಒಂದನ್ನೊಂದು ಬಿಗಿಯಾಗಿ ಹಿಡಿದ ಜಾಲದಿಂದ. ಬೆಣಚುಕಲ್ಲಿನ ಹರಳಿನಲ್ಲಿ ಇದೇ ಗೋಡೆಗಳು ಬಡಾವಣೆಯ ಸೈಟುಗಳಂತೆ ಸಾಲಾಗಿ, ಅಳತೆಗೆ ಸರಿಯಾಗಿ ನಿಂತಿರುತ್ತವೆ. ಗಾಜಿನಲ್ಲಿ ಹಾಗಲ್ಲ. ಕರಗಿದ ಮರಳು ಸಾಲುಗೂಡುವ ಮೊದಲೇ ತಣ್ಣಗಾಗಿಬಿಟ್ಟಿದೆ. ಮೇಸ್ತ್ರಿ ನೂಲು ಹಿಡಿಯದೆ ಕಟ್ಟಿದ ವಠಾರ ಇದು: ಒಂದು ಕೋಣೆ ಚೌಕ, ಇನ್ನೊಂದು ಓರೆ, ಮತ್ತೊಂದು ಮೂಲೆಯೇ ಇಲ್ಲದ್ದು. ದ್ರವದಲ್ಲಿರುವ ಗೊಂದಲವೇ ಇಲ್ಲೂ ಇದೆ. ‘ಗಾಜು ದ್ರವ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿರುವುದು ಇಷ್ಟರಮಟ್ಟಿಗೆ. ಆದರೆ ಗೋಡೆ ವಕ್ರವಾದ ಮಾತ್ರಕ್ಕೆ ಅದು ನಡೆದಾಡುವುದಿಲ್ಲವಲ್ಲ!

ಇನ್ನು ಬಾಡಿಗೆದಾರರು. ಬರಿಯ ಮರಳನ್ನು ಕರಗಿಸಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಸೌದೆಯ ಕುಲುಮೆಗೆ ಅದು ಆಗದ ಮಾತು. ಅದಕ್ಕೆ ಮಧ್ಯಯುಗದ ಉತ್ತರ ಯುರೋಪಿನವರು ಮರಳಿಗೆ ಬೂದಿ ಬೆರೆಸಿದರು. 12ನೇ ಶತಮಾನದಲ್ಲಿ ಥಿಯೊಫಿಲಸ್ ಎಂಬ ಹೆಸರಿನಲ್ಲಿ ಬರೆದ ಸನ್ಯಾಸಿಯ ಕೈಪಿಡಿ ಹೇಳುವ ಪಾಕ ಹೀಗಿದೆ: ಬೀಚ್ ಮರದ ಬೂದಿ ಎರಡು ಪಾಲು, ಮರಳು ಒಂದು ಪಾಲು. ಹಿಂದೆ ನಮ್ಮ ಮನೆಗಳಲ್ಲಿ ಪಾತ್ರೆ ಬೆಳಗಲು ಬಳಸುತ್ತಿದ್ದ ಒಲೆಬೂದಿಯಲ್ಲಿ ಜಿಡ್ಡು ಕೀಳುವ ಗುಣ ಬರುವುದು ಪೊಟ್ಯಾಸಿಯಂ ಕ್ಷಾರದಿಂದ. ಅದೇ ಪೊಟ್ಯಾಸಿಯಂ ಮರಳಿನ ಜಾಲವನ್ನು ಅಲ್ಲಲ್ಲಿ ಬಿಡಿಸಿ, ಕಡಿಮೆ ತಾಪದಲ್ಲೇ ಕರಗಿಸುತ್ತದೆ. ತಣ್ಣಗಾದ ಮೇಲೆ ಅದು ಗೋಡೆಯಾಗುವುದಿಲ್ಲ, ಗೋಡೆಗಳ ನಡುವಿನ ಕೋಣೆಯಲ್ಲಿ ಬಿಡಾರ ಹೂಡುತ್ತದೆ. ನಮ್ಮ ಇಂದಿನ ಕಿಟಕಿಗಾಜಿನಲ್ಲಿ ಆ ಜಾಗ ಹೆಚ್ಚಾಗಿ ಸೋಡಿಯಂನದು.

ಈ ವಠಾರಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಸೋಡಿಯಂ, ಪೊಟ್ಯಾಸಿಯಂ ಎರಡೂ ತಲಾ ಒಂದು ಧನ ವಿದ್ಯುದಂಶ ಹೊತ್ತಿರುತ್ತವೆ. ಅದನ್ನು ಬಾಡಿಗೆ ಎಂದುಕೊಳ್ಳಿ. ಒಬ್ಬ ಖಾಲಿ ಮಾಡಿದರೆ, ಅಷ್ಟೇ ಬಾಡಿಗೆ ಕಟ್ಟುವ ಇನ್ನೊಬ್ಬ ಒಳಗೆ ಬರಲೇಬೇಕು. ಲೆಕ್ಕದ ಪುಸ್ತಕ ಸರಿದೂಗಬೇಕು. ಹೀಗೆ ವಿದ್ಯುದಂಶ ಹೊತ್ತ ಕಣಗಳಿಗೆ ಅಯಾನು ಎಂದು ಹೆಸರು. ಗೋಡೆ ಕದಲದೆ ಅಯಾನುಗಳಷ್ಟೇ ಮನೆ ಬದಲಿಸುವ ಈ ವ್ಯವಹಾರವನ್ನು ನಾವು ‘ಅಯಾನು ಅದಲುಬದಲು’ ಎನ್ನೋಣ. ಮುಂದಿನದೆಲ್ಲ ಇದರದೇ ಕಥೆ.

ಗಾಜಿಗೆ ಮದರಂಗಿ

ಮದುವೆಮನೆಯಲ್ಲಿ ಮದರಂಗಿ ಹಚ್ಚುವುದನ್ನು ನೋಡಿದ್ದೀರಿ. ಅರೆದ ಸೊಪ್ಪನ್ನು ಅಂಗೈಗೆ ಬಳಿದು, ಕಾದು, ಒಣಗಿದ ಮೇಲೆ ಉದುರಿಸುತ್ತಾರೆ. ಸೊಪ್ಪು ಹೋಗುತ್ತದೆ, ಕೆಂಪು ಉಳಿಯುತ್ತದೆ. ಆ ಕೆಂಪನ್ನು ತೊಳೆಯಲಾಗದು, ಏಕೆಂದರೆ ಅದು ಚರ್ಮದ ಮೇಲಿಲ್ಲ, ಒಳಗಿದೆ.

ಗಾಜಿನ ಹಳದಿಯನ್ನೂ ಹೀಗೇ ಮಾಡುತ್ತಿದ್ದರು. ಬೆಳ್ಳಿಯ ಲವಣವನ್ನು ಜೇಡಿಮಣ್ಣಿನಲ್ಲೋ ಕಾವಿಮಣ್ಣಿನಲ್ಲೋ ಕಲಸಿ ಗಾಜಿನ ಹಿಂಬದಿಗೆ ಬಳಿದು, ಗೂಡಿನಲ್ಲಿಟ್ಟು ಸುಮಾರು 600 ಡಿಗ್ರಿಗೆ ಕಾಯಿಸುತ್ತಿದ್ದರು. ಆರಿದ ಮೇಲೆ ಮಣ್ಣನ್ನು ಕುಂಚದಿಂದ ಉಜ್ಜಿ ತೆಗೆದರೆ ಕೆಳಗೆ ನಿಂಬೆಹಣ್ಣಿನ ಹಳದಿಯಿಂದ ಕಿತ್ತಳೆಯವರೆಗಿನ ಬಣ್ಣ. ಇಂಗ್ಲಿಷಿನಲ್ಲಿ ಇದಕ್ಕೆ ಸಿಲ್ವರ್ ಸ್ಟೇನ್ ಎಂದು ಹೆಸರು. ಕನ್ನಡದಲ್ಲಿ ‘ಬೆಳ್ಳಿಯ ಕಲೆ’ ಎಂದರೆ ಒಂದೇ ಮಾತಿನಲ್ಲಿ ಎರಡು ಅರ್ಥವೂ ಬಂತು. ಸ್ಟೇನ್ಡ್ ಗ್ಲಾಸ್ ಎಂದು ನಾವು ಕರೆಯುವ ಕಿಟಕಿಗಳಲ್ಲಿ ಉಳಿದ ಬಣ್ಣಗಳು ಕರಗಿದ ಗಾಜಿಗೇ ಬೆರೆಸಿದವು, ಕೋಬಾಲ್ಟಿನ ನೀಲಿ, ತಾಮ್ರದ ಕೆಂಪು ಹೀಗೆ. ಮುಖದ ಗೆರೆ, ಬಟ್ಟೆಯ ಮಡಿಕೆಗಳು ಲೋಹದ ಕಿಲುಬು ಮತ್ತು ಗಾಜಿನ ಪುಡಿ ಅರೆದು ಬರೆದು, ಸುಟ್ಟು ಅಂಟಿಸಿದವು. ಸರಿಯಾಗಿ ನೋಡಿದರೆ ‘ಕಲೆ’ ಹತ್ತಿದ್ದು ಈ ಹಳದಿಯೊಂದೇ.

ಗೂಡಿನ ಕಾವಿನಲ್ಲಿ ನಡೆದದ್ದು ಅದಲುಬದಲು. ಬೆಳ್ಳಿಯ ಅಯಾನು ಕೂಡ ಒಂದೇ ಧನ ವಿದ್ಯುದಂಶದ್ದು, ಅದೇ ಬಾಡಿಗೆಯ ಗಿರಾಕಿ. 600 ಡಿಗ್ರಿಯಲ್ಲಿ ಗೋಡೆಗಳು ಇನ್ನೂ ಗಟ್ಟಿಯಾಗಿವೆ, ಅದಕ್ಕೇ ಚಿತ್ರ ವಕ್ರವಾಗಲಿಲ್ಲ. ಆದರೆ ಬಾಡಿಗೆದಾರರಿಗೆ ಓಡಾಡುವಷ್ಟು ಚೈತನ್ಯ ಬಂದಿದೆ. ಪೊಟ್ಯಾಸಿಯಂ, ಸೋಡಿಯಂ ಹೊರಗಿನ ಮಣ್ಣಿಗೆ ಇಳಿದವು, ಬೆಳ್ಳಿ ಕೋಣೆಯಿಂದ ಕೋಣೆಗೆ ದಾಟುತ್ತ ಒಳಗೆ ಬಂತು. ಹೆಚ್ಚು ದೂರವೇನಲ್ಲ, ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲಿನಷ್ಟು ಆಳಕ್ಕೆ. ಗೂಡು ತಣ್ಣಗಾಯಿತು, ಬಾಗಿಲುಗಳು ಮುಚ್ಚಿದವು, ಬೆಳ್ಳಿ ಒಳಗೇ ಉಳಿಯಿತು.

ಈ ಉಪಾಯ ಹೊಳೆದದ್ದು ಯಾರಿಗೆ? ಇಟಲಿಯ ಬೊಲೊನ್ಯಾದ ಮಠದಲ್ಲಿದ್ದ, ಜರ್ಮನಿಯ ಉಲ್ಮ್ ಊರಿನ ಯಾಕೋಬ್ ಎಂಬ ಸನ್ಯಾಸಿಯ ಬೆಳ್ಳಿಗುಂಡಿ ಗೂಡಿನಲ್ಲಿದ್ದ ಗಾಜಿನ ಮೇಲೆ ಬಿದ್ದು ಹಳದಿ ಕಲೆ ಮೂಡಿತಂತೆ. ಗಾಜುಗಾರರು ತಮ್ಮ ಸಂತನ ಬಗ್ಗೆ ಹೇಳುವ ಚಂದದ ಕಥೆ. ತೊಂದರೆಯೆಂದರೆ ಯಾಕೋಬ್ ಹುಟ್ಟಿದ್ದು 1407ರಲ್ಲಿ. ಫ್ರಾನ್ಸ್, ಇಂಗ್ಲೆಂಡ್‌ಗಳ ಕಿಟಕಿಗಳಲ್ಲಿ ಈ ಹಳದಿ 1310ರ ಹೊತ್ತಿಗಾಗಲೇ ಇತ್ತು. ಅದಕ್ಕೂ ಹಿಂದೆ, 8ನೇ ಶತಮಾನದಲ್ಲೇ, ಈಜಿಪ್ಟಿನ ಕುಶಲಕರ್ಮಿಗಳು ಬೆಳ್ಳಿಯಿಂದ ಗಾಜಿನ ಬಟ್ಟಲುಗಳಿಗೆ ಚಿತ್ತಾರ ಹಾಕುತ್ತಿದ್ದರು. ಗುಂಡಿ ಬೀಳುವ ಮೊದಲೇ ಕಲೆ ಹತ್ತಿತ್ತು.

ಬೆಳ್ಳಿ ಹಳದಿಯಾದದ್ದು ಹೇಗೆ?

ಕಾಲ್ಗೆಜ್ಜೆಯ ಬೆಳ್ಳಿ ಬೆಳ್ಳಗೆ ಹೊಳೆಯುತ್ತದೆ, ಗಾಜಿನ ಬೆಳ್ಳಿಗೆ ಹಳದಿ ಬಂದದ್ದೆಲ್ಲಿಂದ? ಒಳಗೆ ಸೇರಿದ ಬೆಳ್ಳಿಯ ಅಯಾನುಗಳು ಕಾವಿನಲ್ಲಿ ಎಲೆಕ್ಟ್ರಾನ್ ಪಡೆದು ಲೋಹವಾಗುತ್ತವೆ, ಒಂದಕ್ಕೊಂದು ಸೇರಿ ಪುಟ್ಟ ಗುಂಪುಗಳಾಗುತ್ತವೆ. ಒಂದೊಂದು ಗುಂಪಿನ ಅಗಲ ಕೆಲವೇ ನ್ಯಾನೊಮೀಟರ್. ಇಷ್ಟು ಸಣ್ಣ ಬೆಳ್ಳಿಕಣದಲ್ಲಿ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಅತ್ತಿತ್ತ ತೂಗುತ್ತವೆ, ಜೋಕಾಲಿಯಂತೆ.

ಜೋಕಾಲಿ ಜೀಕುವಾಗ ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಎತ್ತರಕ್ಕೆ ಹೋಗುತ್ತದೆ. ಬೆಳ್ಳಿಕಣದ ಲಯಕ್ಕೆ ಹೊಂದುವುದು ನೇರಳೆ ಮತ್ತು ನೀಲಿ ಬೆಳಕು. ಅದರ ಶಕ್ತಿಯನ್ನೆಲ್ಲ ಜೋಕಾಲಿ ನುಂಗಿಕೊಳ್ಳುತ್ತದೆ. ಬಿಸಿಲಿನಿಂದ ನೀಲಿ ಕಳೆದರೆ ಉಳಿಯುವುದು ಹಳದಿ. ಅದೇ ಕಲೆಯನ್ನು ನೀಲಿ ಗಾಜಿಗೆ ಹಚ್ಚಿದರೆ ಹಸಿರು, ಒಂದೇ ತುಂಡಿನಲ್ಲಿ ಆಕಾಶವೂ ಹುಲ್ಲೂ.

ಮಾಸದಿರುವ ಗುಟ್ಟೂ ಇಲ್ಲೇ ಇದೆ. ಸೀರೆ, ಫ್ಲೆಕ್ಸುಗಳ ಬಣ್ಣ ಒಂದು ಸೂಕ್ಷ್ಮವಾದ ಅಣು. ಬಿಸಿಲು ಬಡಿಬಡಿದು ಅದರ ಕೊಂಡಿ ತುಂಡರಿಸುತ್ತದೆ, ಬಣ್ಣ ಹೋಗುತ್ತದೆ. ಗಾಜಿನಲ್ಲಿರುವುದು ಬರಿಯ ಲೋಹದ ಹರಳು. ಬಿಸಿಲು ಮುರಿಯಬಲ್ಲ ಅಂಥ ಕೊಂಡಿ ಅಲ್ಲಿಲ್ಲ. ಮೇಲಾಗಿ ಅದು ಗೋಡೆಗಳ ನಡುವೆ ಬಂದಿ.

ಆಟ ಮನೆಯೊಳಗೆ ಬಂತು

ಬೆಳ್ಳಿಯ ಕಲೆ ಚಿತ್ರಗಾರನ ಕೈಯನ್ನೂ ಬಿಡಿಸಿತು. ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ತಲೆಯೆತ್ತಿ, ಗ್ಲಾಸ್ಗೋದಿಂದ ಬಂದ ನವಿಲುಗಳ ಗಾಜಿನ ಚಾವಣಿ ನೋಡಿದವರಿಗೆ ಗೊತ್ತು: ಇದು ಬಣ್ಣಬಣ್ಣದ ತುಂಡುಗಳನ್ನು ಕೌದಿಯಂತೆ ಕೂಡಿಸುವ ಕೆಲಸ. ಬಣ್ಣ ಬದಲಾದಲ್ಲೆಲ್ಲ ತುಂಡು ಬದಲಾಗಬೇಕು, ನಡುವೆ ಲೋಹದ ಪಟ್ಟಿಯ ಕಪ್ಪು ಗೆರೆ ಬರಬೇಕು. ಬಿಳಿ ಮುಖಕ್ಕೆ ಹೊಂಗೂದಲು ಬೇಕೆಂದರೂ ಮೊದಲು ಎರಡು ತುಂಡು ಬೇಕಿತ್ತು. ಬೆಳ್ಳಿ ಬಂದ ಮೇಲೆ ಒಂದೇ ಬಿಳಿ ತುಂಡಿನ ಮೇಲೆ ಕಂದು ಗೆರೆಯಲ್ಲಿ ಬರೆದು, ಬೇಕಾದ ಕಡೆ ಹಳದಿ ಹಚ್ಚಿದರೆ ಮುಗಿಯಿತು.

ಇದರಿಂದ ಚಿತ್ರ ಚಿಕ್ಕದಾಯಿತು, ಮನೆಯ ಕಿಟಕಿಗೆ ಬಂತು. 15, 16ನೇ ಶತಮಾನಗಳಲ್ಲಿ ನೆದರ್ಲೆಂಡ್ಸ್ ಮತ್ತು ಇಂಗ್ಲೆಂಡ್‌ಗಳಲ್ಲಿ ಊಟದ ತಟ್ಟೆಯಷ್ಟು ಅಗಲದ ದುಂಡು ಗಾಜುಗಳು ಜನಪ್ರಿಯವಾದವು. ಸಂತರ ಕಥೆಗಳ ಜೊತೆಗೆ ವರ್ಷದ 12 ತಿಂಗಳ ಕೆಲಸ-ವಿನೋದಗಳೂ ಅದರಲ್ಲಿ ಬಂದವು, ಕೈಮೇಲೆ ಡೇಗೆ ಕೂರಿಸಿಕೊಂಡು ಬೇಟೆಗೆ ಹೊರಟವರೂ ಬಂದರು. ಸ್ವಿಟ್ಜರ್ಲೆಂಡಿನಲ್ಲಿ ಹೊಸ ಮನೆಗೋ ಬಿಲ್ಲುಗಾರರ ಸಂಘದ ಕಟ್ಟಡಕ್ಕೋ ಲಾಂಛನವಿರುವ ಗಾಜಿನ ಫಲಕ ಉಡುಗೊರೆ ಕೊಡುವ ಪದ್ಧತಿಯೇ ಬೆಳೆಯಿತು. ಮಗನ ತಲೆಯ ಮೇಲಿನ ಸೇಬಿಗೆ ಗುರಿಯಿಡುವ ವಿಲಿಯಂ ಟೆಲ್ ಆ ಗಾಜುಗಳ ಮೆಚ್ಚಿನ ವೀರ.

16ನೇ ಶತಮಾನದ ನಡುವೆ ಗಾಜಿನ ಮೇಲೆ ಬಳಿದು ಸುಡುವ ಹೊಸ ಎನಾಮೆಲ್ ಬಣ್ಣಗಳು ಬಂದವು, ನೀಲಿ, ಹಸಿರು, ನೇರಳೆ. ಅವು ಮೇಲೆ ಕೂತವು, ಒಳಗೆ ಹೋಗಲಿಲ್ಲ. ಅದಕ್ಕೇ ಹಳೆಯ ಫಲಕಗಳಲ್ಲಿ ಎನಾಮೆಲ್ ಗೋಡೆಯ ಸುಣ್ಣದಂತೆ ಅಲ್ಲಲ್ಲಿ ಎದ್ದು ಉದುರಿರುತ್ತದೆ. ಪಕ್ಕದಲ್ಲೇ ಬೆಳ್ಳಿಯ ಹಳದಿ ಕದಲದೆ ಕೂತಿರುತ್ತದೆ.

ಕರೆಯದೆ ಬಂದ ಬಾಡಿಗೆದಾರ

ಗೋಡೆ ಹರಿಯುವುದಿಲ್ಲ, ಬಣ್ಣ ಮಾಸುವುದಿಲ್ಲ ಎಂದ ಮೇಲೆ ಗಾಜಿಗೆ ಸಾವಿಲ್ಲ ಎನ್ನಬಹುದೇ? ಇಲ್ಲ. ಮಳೆಯಿದೆ.

ನೀರಿನಲ್ಲೂ ಒಂದು ಧನ ವಿದ್ಯುದಂಶದ ಅಯಾನಿದೆ, ಜಲಜನಕದ್ದು. ಬಾಡಿಗೆ ಅದೇ, ಆಳು ಬಲು ಸಣ್ಣವನು. ಅವನಿಗೆ ಗೂಡಿನ ಕಾವು ಬೇಡ, ಮಳೆಗಾಲ ಸಾಕು. ಒದ್ದೆಯಾದ ಗಾಜಿನ ಮೈಯಲ್ಲಿ ಜಲಜನಕ ಒಳಗೆ ನುಸುಳುತ್ತದೆ, ಪೊಟ್ಯಾಸಿಯಂ ಮನೆ ಖಾಲಿ ಮಾಡಿ ನೀರಿಗಿಳಿಯುತ್ತದೆ. ದಪ್ಪನೆಯವನಿದ್ದ ಕೋಣೆಗೆ ಸಣಕಲ ಬಂದರೆ ಗಾಜಿನ ಮೇಲ್ಪದರ ಕುಗ್ಗುತ್ತದೆ, ಬಿರಿಯುತ್ತದೆ. ಹೊರಬಿದ್ದ ಪೊಟ್ಯಾಸಿಯಂ ನೀರನ್ನು ಕ್ಷಾರವಾಗಿಸುತ್ತದೆ. ಆ ಕ್ಷಾರ ಅಲ್ಲೇ ನಿಂತರೆ ಈಗ ಗೋಡೆಯನ್ನೇ ತಿನ್ನತೊಡಗುತ್ತದೆ. ಕಲ್ಲಿದ್ದಲ ಹೊಗೆಯ ಗಂಧಕ ಸೇರಿದಾಗ ಮೇಲೆ ಜಿಪ್ಸಂನ ಬಿಳಿ ಹಕ್ಕಳೆ ಕಟ್ಟುತ್ತದೆ. ಹಳೆಯ ಕಿಟಕಿಗಳ ಹೊರಮೈ ಸಿಡುಬಿನ ಕಲೆಯಂತೆ ಗುಳಿಬಿದ್ದಿರುವುದು ಇದರಿಂದ.

ಬೂದಿಗಾಜಿಗೆ ಈ ಕಾಯಿಲೆ ಹೆಚ್ಚು. ಎರಡು ಪಾಲು ಬೂದಿ ಹಾಕಿದ ಪಾಕದಲ್ಲಿ ಬಾಡಿಗೆದಾರರು ಜಾಸ್ತಿ, ಗೋಡೆ ಕಡಿಮೆ. ಮರಳು ಹೆಚ್ಚಿದ್ದ ರೋಮನ್ನರ ಸೋಡಾಗಾಜು ಅದಕ್ಕಿಂತ ಸಾವಿರ ವರ್ಷ ಹಳೆಯದಾದರೂ ಎಷ್ಟೋ ಕಡೆ ಹೆಚ್ಚು ಗಟ್ಟಿಯಾಗಿದೆ.

ರೋಗದ ಬೇರು ತಿಳಿದಿದ್ದರಿಂದ ಮದ್ದೂ ಸರಳವಾಯಿತು: ನೀರು ತಾಕಿಸಬೇಡಿ. ಸಂರಕ್ಷಕರು ಹಳೆಯ ಗಾಜನ್ನು ಅದರ ಜಾಗದಿಂದ ಸ್ವಲ್ಪ ಒಳಕ್ಕೆ ಸರಿಸಿ, ಹೊರಗಡೆ ಹೊಸ ಗಾಜೊಂದನ್ನು ನಿಲ್ಲಿಸಿ, ನಡುವೆ ಗಾಳಿಯಾಡಲು ಬಿಡುತ್ತಾರೆ. ಮಳೆ ಹೊಸ ಗಾಜಿಗೆ, ಬೆಳಕು ಎರಡಕ್ಕೂ. ಯಾರ್ಕ್ ಮಿನ್‌ಸ್ಟರ್ ಎಂಬ ಇನ್ನೊಂದು ದೊಡ್ಡ ಚರ್ಚಿನ ಪೂರ್ವ ಕಿಟಕಿ 1405ರಿಂದ 1408ರ ನಡುವೆ ತಯಾರಾದದ್ದು. 2018ರಲ್ಲಿ ಮುಗಿದ ದುರಸ್ತಿಯಲ್ಲಿ ಅದಕ್ಕೂ ಇಂಥ ಹೊರಗವಚ ಬಂತು.

ಕೈಯಲ್ಲಿರುವ ಕಿಟಕಿ

ಅದಲುಬದಲಿನ ಕೊನೆಯ ಕಂತು ನಿಮ್ಮ ಜೇಬಿನಲ್ಲಿದೆ. ಗಟ್ಟಿಮುಟ್ಟಾದ ಫೋನಿನ ಗಾಜನ್ನು ಮೊದಲು ಸೋಡಿಯಂ ಬಾಡಿಗೆದಾರರಿರುವ ಗಾಜಾಗಿ ತಯಾರಿಸುತ್ತಾರೆ. ಆಮೇಲೆ ಸುಮಾರು 400 ಡಿಗ್ರಿಯಲ್ಲಿ ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಗಂಟೆಗಟ್ಟಲೆ ಮುಳುಗಿಸುತ್ತಾರೆ. ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ. ಈ ಸಲ ಸಣಕಲನ ಜಾಗಕ್ಕೆ ದಪ್ಪನೆಯವನು ಬಂದಿದ್ದಾನೆ.

ಕೆಂಪು ಬಸ್ಸಿನಲ್ಲಿ ಮೂವರ ಸೀಟಿಗೆ ಮೂವರು ದಢೂತಿಗಳು ಕೂತರೆ ಏನಾಗುತ್ತದೋ ಗಾಜಿನ ಮೈಯಲ್ಲೂ ಅದೇ ಆಗುತ್ತದೆ. ಒಬ್ಬರನ್ನೊಬ್ಬರು ಒತ್ತಿಕೊಂಡು ಕೂರುತ್ತಾರೆ, ಬಸ್ಸು ಎಷ್ಟು ಕುಲುಕಿದರೂ ನಡುವೆ ಸಂದು ಬಿಡುವುದಿಲ್ಲ. ಗಾಜು ಒಡೆಯುವುದೆಂದರೆ ಮೇಲಿನ ಸಣ್ಣ ಗೀರೊಂದು ಬಾಯಿಬಿಟ್ಟು ಒಳಕ್ಕೆ ಓಡುವುದು. ಅಕ್ಕಪಕ್ಕದ ಒತ್ತಡ ಆ ಬಾಯಿಯನ್ನೇ ಅದುಮಿಟ್ಟಿರುತ್ತದೆ. ಸ್ಯಾಮ್ಯುಯೆಲ್ ಕಿಸ್ಟ್ಲರ್ ಎಂಬ ಅಮೆರಿಕನ್ ವಿಜ್ಞಾನಿ ಈ ಬಗೆಯ ಒತ್ತಡದ ಬಗ್ಗೆ ಬರೆದದ್ದು 1962ರಲ್ಲಿ. ಅದು ಜನರ ಅಂಗೈಗೆ ಬಂದದ್ದು 2007ರ ನಂತರ, ಸ್ಮಾರ್ಟ್‌ಫೋನುಗಳ ಜೊತೆ.

ಆರೂವರೆ ಶತಮಾನಗಳ ಹಿಂದೆ ಬೆಳ್ಳಿಯನ್ನು ಒಳಗೆ ಕರೆದುಕೊಂಡ ಬಾಗಿಲೇ ಇದು. ಮಳೆಗೆ ತೆರೆದುಕೊಳ್ಳುವುದೂ ಇದೇ ಬಾಗಿಲು. ಆಟದ ಚಿತ್ರವೂ ಗಾಜನ್ನು ಬಿಟ್ಟುಹೋಗಿಲ್ಲ. ಬಸ್ಸಿನಲ್ಲಿ ಕ್ರಿಕೆಟ್ ನೋಡುತ್ತಿದ್ದಾಗ ಫೋನು ಕೈಜಾರಿ ಬಿದ್ದು, ಎತ್ತಿ ನೋಡಿದರೆ ಗಾಜು ಒಡೆಯದೆ ಬ್ಯಾಟು ಬೀಸುವವನು ಬೀಸುತ್ತಲೇ ಇದ್ದರೆ, ಅವನನ್ನು ಕಾಯ್ದದ್ದು ಒಳಗೆ ಬಂದ ಪೊಟ್ಯಾಸಿಯಂ. ಗ್ಲಾಸ್ಟರಿನಲ್ಲಿ ಕೋಲು ಬೀಸಿ ನಿಂತವನನ್ನು ನಾವು ಕಾಯಬೇಕಾದದ್ದು, ಅದೇ ಪೊಟ್ಯಾಸಿಯಂ ಹೊರಗೆ ಹೋಗದಂತೆ.